ಮೂವತ್ತು ವರ್ಷ ನುಡಿಸಿದ ಗಿಟಾರನ್ನು ಮಾರುವ ಮುನ್ನ

ಪ್ರಶ್ನೆ: ನಾನು ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ನೆಲೆಸಿರುವ ನಿವೃತ್ತ ಬ್ಯಾಂಕ್ ನೌಕರ. ಜರ್ಮನಿಯಲ್ಲಿದ್ದ ನನ್ನ ಅಣ್ಣ 1989ರಲ್ಲಿ ಸ್ಪೇನಿನ ತಯಾರಕರೊಬ್ಬರು ಕೈಯಿಂದಲೇ ಮಾಡಿದ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರೊಂದನ್ನು ನನಗಾಗಿ ಕೊಂಡು ತಂದಿದ್ದರು. ಅಂದಿನಿಂದ ಹೆಚ್ಚುಕಡಿಮೆ ಪ್ರತಿದಿನ ಅದನ್ನು ನುಡಿಸಿದ್ದೇನೆ. ಈಗ ಬೆರಳ ಗಂಟುಗಳ ನೋವಿನಿಂದ ನುಡಿಸಲಾಗುತ್ತಿಲ್ಲ. ಮನೆಯಲ್ಲಿ ಬೇರೆ ಯಾರೂ ಕಲಿತಿಲ್ಲ. ಉಗುರು ತಾಗಿ ತಾಗಿ ನಾದರಂಧ್ರದ ಪಕ್ಕದಲ್ಲಿ ಪಾಲಿಶ್ ಪೂರ್ತಿ ಸವೆದಿದೆ, ಮೊದಲ ಕೆಲವು ಫ್ರೆಟ್‌ಗಳಲ್ಲಿ, ಅಂದರೆ ಕೊರಳಿನ ಮೇಲಿನ ಲೋಹದ ಮೆಟ್ಟಿಲುಗಳಲ್ಲಿ, ಗುಳಿ ಬಿದ್ದಿದೆ, ಮೇಲ್ಹಲಗೆಯ ಒಂದು ಬಿರುಕನ್ನು ಹತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಸರಿಪಡಿಸಲಾಗಿದೆ. ಶಿವಮೊಗ್ಗದ ಅಂಗಡಿಯೊಂದರಲ್ಲಿ ಎಂಟು ಸಾವಿರ ರೂಪಾಯಿ ಕೊಡುತ್ತೇವೆಂದರು. ನಮ್ಮ ಅಳಿಯಂದಿರು ಪಾಲಿಶ್ ಮಾಡಿಸಿ ಮಾರಿದರೆ ಹೆಚ್ಚು ಬರುತ್ತದೆ ಎನ್ನುತ್ತಾರೆ. ನಾನು ಏನು ಮಾಡಲಿ? ಸರಿಪಡಿಸಿದ ಬಿರುಕಿನ ವಿಷಯವನ್ನು ಕೊಳ್ಳುವವರಿಗೆ ಹೇಳಲೇಬೇಕೆ?

ಉತ್ತರ: ಬೇರೆಲ್ಲಕ್ಕಿಂತ ಮೊದಲು, ದಯವಿಟ್ಟು ಪಾಲಿಶ್ ಮಾಡಿಸಬೇಡಿ. ನಿಮ್ಮ ಅಳಿಯಂದಿರ ಕಾಳಜಿ ಅರ್ಥವಾಗುತ್ತದೆ; ಮಂಚ, ಕಪಾಟುಗಳ ವಿಷಯದಲ್ಲಿ ಅವರ ಮಾತು ಸರಿಯೂ ಹೌದು. ಆದರೆ ಕ್ಲಾಸಿಕಲ್ ಗಿಟಾರಿನ ಮೇಲ್ಹಲಗೆಯ ದಪ್ಪ ಸುಮಾರು 2ರಿಂದ 2.5 ಮಿಲಿಮೀಟರ್ ಮಾತ್ರ. ತಯಾರಕರು ಅದನ್ನು ಬೆರಳಿನಿಂದ ತಟ್ಟಿ, ಬಾಗಿಸಿ ನೋಡಿ, ಎಲ್ಲಿ ಎಷ್ಟು ತೆಳುವಾಗಬೇಕೆಂದು ತೀರ್ಮಾನಿಸಿ ಕೆತ್ತಿರುತ್ತಾರೆ. ಹೊಸ ಪಾಲಿಶ್‌ಗಾಗಿ ಉಪ್ಪುಕಾಗದದಿಂದ ಉಜ್ಜಿದಾಗ ಹಳೆಯ ಲೇಪದೊಂದಿಗೆ ಆ ಮರವೂ ಸ್ವಲ್ಪ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಇಂತಹ ವಾದ್ಯಗಳಿಗೆ ಸಾಮಾನ್ಯವಾಗಿ ಹಚ್ಚುವುದು ಫ್ರೆಂಚ್ ಪಾಲಿಶ್, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಿಂದ ಮತ್ತೆ ಮತ್ತೆ ಸವರಿ ಕೂಡಿಸಿದ ಅತಿ ತೆಳುವಾದ ಲೇಪ. ಅದು ಬೆವರಿಗೂ ಉಗುರಿಗೂ ಬೇಗ ಸೋಲುತ್ತದೆ ನಿಜ. ಆದರೆ ಹಲಗೆಯ ಕಂಪನಕ್ಕೆ ಭಾರವಾಗುವುದಿಲ್ಲ, ಸವೆದ ಜಾಗಕ್ಕಷ್ಟೇ ಹೊಸದಾಗಿ ಸವರಿದರೆ ಹಳೆಯದರೊಂದಿಗೆ ಬೆರೆತುಕೊಳ್ಳುತ್ತದೆ. ಅದರ ಬದಲಿಗೆ ಬಾಗಿಲು ಕಿಟಕಿಗೆ ಹೊಡೆಯುವ ಮೆಲಮೈನ್ ಪಾಲಿಶ್ ಹೊಡೆದರೆ ಗಿಟಾರು ಹೊಳೆಯುತ್ತದೆ, ದನಿ ಮಾತ್ರ ಕಂಬಳಿ ಹೊದ್ದಂತೆ ಒಳಗೇ ಉಳಿದುಬಿಡುತ್ತದೆ. ಬಹಳ ಹಿಂದೆ ನಾನೇ ಒಂದು ವಾದ್ಯವನ್ನು ಹೀಗೆ ಅಂದಗೊಳಿಸಲು ಕೊಟ್ಟು ಕೆಡಿಸಿಕೊಂಡಿದ್ದೇನೆ. ಅದರ ಹಳೆಯ ದನಿ ಇಂದಿಗೂ ನನ್ನ ಕಿವಿಯಲ್ಲಿದೆ, ವಾದ್ಯದಲ್ಲಿ ಇಲ್ಲ. ಸಾಗರ, ಸೊರಬಗಳಲ್ಲಿ ಶ್ರೀಗಂಧದ ಮೇಲೆ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕೆತ್ತುವ ಗುಡಿಗಾರರಿದ್ದಾರೆ, ಅವರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ನಡುಗಬೇಕಾದ ಮರವನ್ನು ದುರಸ್ತಿ ಮಾಡುವುದು ಬೇರೆಯದೇ ವಿದ್ಯೆ. ಅದನ್ನು ಗಿಟಾರು ಕಟ್ಟುವವರಿಗೇ ಬಿಡಬೇಕು.

ಕೊಳ್ಳುವವರಲ್ಲಿ ಬಲ್ಲವರು ಸವೆತವನ್ನು ನೋಡಿ ಹೆದರುವುದಿಲ್ಲ. ಕೆಟ್ಟ ವಾದ್ಯವನ್ನು ಯಾರೂ ಮೂವತ್ತು ವರ್ಷ ನುಡಿಸುವುದಿಲ್ಲ ಎಂಬುದು ಅವರಿಗೆ ಗೊತ್ತು. ಅವರು ಹುಡುಕುವುದು ಬೇರೆ ದೋಷಗಳನ್ನು, ನೀವು ಹಣ ಹಾಕಬೇಕಾದದ್ದೂ ಅಲ್ಲಿಯೇ. ಆರು ತಂತಿಗಳು ಸೇರಿ ಸುಮಾರು 40 ಕಿಲೋಗ್ರಾಂ ಎಳೆತವನ್ನು ಆ ತೆಳು ಹಲಗೆಯ ಮೇಲೆ ಹಗಲೂ ರಾತ್ರಿ ಹೇರಿರುತ್ತವೆ. ಅದನ್ನು ತಡೆಯುವುದಕ್ಕಾಗಿಯೇ ಹಲಗೆಯ ಒಳಬದಿಯಲ್ಲಿ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಮರದ ಪಟ್ಟಿಗಳಿರುತ್ತವೆ. ಇಂದಿನ ಕ್ಲಾಸಿಕಲ್ ಗಿಟಾರಿಗೆ ಈ ಅಂಗರಚನೆಯನ್ನು ಸ್ಥಿರಗೊಳಿಸಿಕೊಟ್ಟವರು ಸ್ಪೇನಿನ ಅಲ್ಮೇರಿಯಾದ ಆಂಟೋನಿಯೊ ಡಿ ಟೊರ್ರೆಸ್ (1817–1892). ಇವುಗಳಲ್ಲಿ ಯಾವುದಾದರೂ ಅಂಟು ಬಿಟ್ಟಿದೆಯೇ ಎಂದು ತಿಳಿಯಲು ಹಲಗೆಯನ್ನು ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಎಲ್ಲಾದರೂ ಜಿರ್ ಎಂಬ ಸದ್ದು ಬಂದರೆ ಒಂದು ಪಟ್ಟಿ ಬಿಟ್ಟಿರಬಹುದು. ತಂತಿ ಸಡಿಲಿಸಿ, ನಾದರಂಧ್ರದೊಳಗೆ ಚಿಕ್ಕ ಕನ್ನಡಿ ಮತ್ತು ಟಾರ್ಚ್ ಇಟ್ಟು ನೋಡಿದರೆ ಹಳೆಯ ಬಿರುಕಿಗೆ ಒಳಗಿನಿಂದ ಹಚ್ಚಿದ ಮರದ ಬಿಲ್ಲೆಗಳು ಕಾಣಿಸುತ್ತವೆ. ಅವು ಗಟ್ಟಿಯಾಗಿದ್ದರೆ ಆ ಬಿರುಕಿನ ಚಿಂತೆ ಬೇಡ.

ಇನ್ನು ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ದಪ್ಪ ತಂತಿಯ ಕಡೆ ಸುಮಾರು 4 ಮಿಲಿಮೀಟರ್, ಸಣ್ಣ ತಂತಿಯ ಕಡೆ ಸುಮಾರು 3 ಮಿಲಿಮೀಟರ್ ಇದ್ದರೆ ಚೆನ್ನ. ಅದಕ್ಕಿಂತ ಬಹಳ ಎತ್ತರವಿದ್ದು, ತಂತಿಗಳನ್ನು ಕಟ್ಟುವ ಮರದ ತುಂಡಾದ ಬ್ರಿಡ್ಜ್‌ನ ಮೇಲೆ ಕಾಣುವ ಮೂಳೆಯ ಪಟ್ಟಿ, ಅಂದರೆ ಸ್ಯಾಡಲ್, ಇನ್ನೂ ಸಾಕಷ್ಟು ಉಳಿದಿದ್ದರೆ ಅದನ್ನು ತುಸು ಉಜ್ಜಿ ತಗ್ಗಿಸಿದರೆ ಮುಗಿಯಿತು. ಸ್ಯಾಡಲ್ ಈಗಾಗಲೇ ಬ್ರಿಡ್ಜ್‌ನ ಮಟ್ಟಕ್ಕೆ ಇಳಿದಿದ್ದೂ ತಂತಿ ಎತ್ತರವಾಗಿಯೇ ಇದ್ದರೆ ಗಿಟಾರಿನ ಕೊರಳು ಮುಂದಕ್ಕೆ ಬಾಗಿದೆ ಎಂದರ್ಥ. ಅದು ದೊಡ್ಡ ದುರಸ್ತಿ, ಬೆಲೆಯನ್ನು ನಿಜವಾಗಿ ತಗ್ಗಿಸುವ ದೋಷ ಅದೇ. ಫ್ರೆಟ್‌ಗಳ ಗುಳಿಯ ಬಗ್ಗೆ ನೀವು ಬರೆದಿದ್ದೀರಿ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುವುದರಿಂದ ಮೇಳ ಕಟ್ಟುವವರು ಅವನ್ನು ಮತ್ತೆ ಹೊಂದಿಸಿ ಕೊಡಬಲ್ಲರು. ಗಿಟಾರಿನ ಫ್ರೆಟ್‌ಗಳು ಮರದ ಸೀಳಿನಲ್ಲಿ ಬಿಗಿಯಾಗಿ ಬಡಿದವು. ಗುಳಿ ತೆಳುವಾಗಿದ್ದರೆ ಎಲ್ಲವನ್ನೂ ಸಮವಾಗಿ ಅರದಿಂದ ಉಜ್ಜಿ ಸರಿಮಾಡಬಹುದು, ಆಳವಾಗಿದ್ದರೆ ಬದಲಿಸಬೇಕು. ಬದಲಿಸುವುದಾದರೆ ಅದನ್ನು ಕೊಳ್ಳುವವರಿಗೇ ಬಿಟ್ಟು ಆ ಖರ್ಚನ್ನು ಬೆಲೆಯಲ್ಲಿ ಕಳೆಯುವುದು ಮೇಲು, ಏಕೆಂದರೆ ಯಾವ ಗಾತ್ರದ ಫ್ರೆಟ್ ಬೇಕೆಂಬುದು ನುಡಿಸುವವರ ಕೈಗೆ ಬಿಟ್ಟದ್ದು.

ಬೆಲೆಯ ಪ್ರಶ್ನೆಗೆ ಬರೋಣ. ಎಂಟು ಸಾವಿರ ಎಂದ ಅಂಗಡಿಯವರು ನಿಮಗೆ ಮೋಸ ಮಾಡಲು ಹೊರಟವರೆಂದು ನಾನು ಭಾವಿಸುವುದಿಲ್ಲ. ಅವರ ಅಂಗಡಿಗೆ ಬರುವವರು ಕಾರ್ಖಾನೆಯಲ್ಲಿ ಪ್ಲೈವುಡ್‌ನಿಂದ ಮಾಡಿದ ಕಲಿಕೆಯ ಗಿಟಾರನ್ನು ಕೇಳುವ ಮಕ್ಕಳು. ಆ ಲೆಕ್ಕದಲ್ಲಿ ಹಳೆಯ, ಗೀರುಬಿದ್ದ ಗಿಟಾರಿಗೆ ಅವರು ಹೇಳಿದ್ದು ಅವರಿಗೆ ಸರಿ. ನಿಮ್ಮ ವಾದ್ಯಕ್ಕೆ ಅಳತೆಗೋಲು ಅದಲ್ಲ. ನಾದರಂಧ್ರದೊಳಗೆ ಅಂಟಿಸಿರುವ ಚೀಟಿಯನ್ನು ನೋಡಿ, ತಯಾರಕರ ಹೆಸರು, ಊರು, ವರ್ಷ, ಕ್ರಮಸಂಖ್ಯೆ, ಸಹಿ ಇವೆಲ್ಲವನ್ನೂ ಬರೆದುಕೊಳ್ಳಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಸ್ಪೇನಿನ ಹೆಸರಾಂತ ಮನೆತನಗಳ ಚೀಟಿ ಹೊತ್ತ ಗಿಟಾರುಗಳಲ್ಲಿ ಆ ಮನೆಯ ಹಿರಿಯರು ಸ್ವತಃ ಕಟ್ಟಿದವೂ ಇವೆ, ಅವರ ಕೈಕೆಳಗಿನ ಕುಶಲಕರ್ಮಿಗಳು ಕಟ್ಟಿದವೂ ಇವೆ, ವಿದ್ಯಾರ್ಥಿಗಳಿಗೆಂದು ಬೇರೆಡೆ ಮಾಡಿಸಿದವೂ ಇವೆ, ಇವುಗಳ ಬೆಲೆಯಲ್ಲಿ ಅಜಗಜಾಂತರವಿದೆ. ಅದೇ ತಯಾರಕರ, ಅದೇ ದರ್ಜೆಯ, ಹತ್ತಿರದ ವರ್ಷಗಳ ಗಿಟಾರುಗಳು ಎಷ್ಟಕ್ಕೆ ಮಾರಾಟವಾದವು ಎಂದು ವಿಚಾರಿಸಿ. ಎಷ್ಟು ಕೇಳುತ್ತಿದ್ದಾರೆ ಎಂಬುದು ಬೇರೆ, ಎಷ್ಟಕ್ಕೆ ಹೋಯಿತು ಎಂಬುದು ಬೇರೆ. ಹೊರದೇಶದಿಂದ ತರಿಸುವವರು ಸಾಗಣೆ ವೆಚ್ಚವನ್ನೂ ಆಮದು ಸುಂಕವನ್ನೂ ತೆರಬೇಕು, ನುಡಿಸಿ ನೋಡದೆಯೇ ಕೊಳ್ಳಬೇಕು. ನಿಮ್ಮ ವಾದ್ಯ ಇಲ್ಲಿಯೇ ಇದೆ ಎಂಬುದಕ್ಕೂ ಬೆಲೆಯುಂಟು. ಹಾಗೆಂದು ಪಿಟೀಲಿನಂತೆ ಹಳೆಯದಾದಷ್ಟೂ ಬೆಲೆ ಏರುತ್ತದೆ ಎಂದುಕೊಳ್ಳಬೇಡಿ. ಗಿಟಾರಿನ ವಿಷಯದಲ್ಲಿ ಬರಿಯ ವಯಸ್ಸಿಗೆ ಯಾರೂ ಹಣ ಕೊಡುವುದಿಲ್ಲ.

ಸಾಧ್ಯವಾದರೆ ಬೆಂಗಳೂರಿನಲ್ಲಿ ಗಿಟಾರು ಕಟ್ಟುವ ಅಥವಾ ದುರಸ್ತಿ ಮಾಡುವ ಒಬ್ಬರಿಗೆ ತೋರಿಸಿ, ವಾದ್ಯದ ಸ್ಥಿತಿಯನ್ನು ಬರೆಸಿಕೊಳ್ಳಿ. ಆ ಹಾಳೆ ನಿಮ್ಮ ಬೆಲೆಗೆ ಆಧಾರವಾಗುತ್ತದೆ. ಸಾಗರದಿಂದ ಹೋಗುವುದಾದರೆ ತಾಳಗುಪ್ಪದಿಂದ ಬರುವ ರೈಲಿನಲ್ಲಿ ನೀವೇ ಕೈಯಲ್ಲಿ ಹಿಡಿದು ಒಯ್ಯಿರಿ, ಪಾರ್ಸೆಲ್‌ಗೆ ಹಾಕಬೇಡಿ.

ಬಿರುಕಿನ ವಿಷಯವನ್ನು ಹೇಳಲೇಬೇಕೆ ಎಂದು ಕೇಳಿದ್ದೀರಿ. ಹೇಳಲೇಬೇಕು, ಅದನ್ನೂ ಮೊದಲ ಮಾತುಕತೆಯಲ್ಲಿಯೇ. ಮುಚ್ಚಿಟ್ಟು ಮಾರುವುದು ತಪ್ಪು ಎಂಬುದು ಒಂದು ಕಡೆ. ಇನ್ನೊಂದು ಕಡೆ, ಕೊಳ್ಳುವವರು ಕನ್ನಡಿಯಿಟ್ಟು ನೋಡಿದ ಗಳಿಗೆಯಲ್ಲಿ ಅದು ತಾನಾಗಿಯೇ ಬಯಲಾಗುತ್ತದೆ, ಆಮೇಲೆ ನೀವು ಹೇಳಿದ ನಿಜವನ್ನೂ ಅವರು ನಂಬುವುದಿಲ್ಲ. ಯಾವ ವರ್ಷ, ಯಾವ ಕಾರಣಕ್ಕೆ ಬಿರುಕು ಬಿಟ್ಟಿತು, ಯಾರು ಸರಿಪಡಿಸಿದರು, ಆ ಮೇಲೆ ಅದು ಮತ್ತೆ ಬಾಯಿಬಿಟ್ಟಿದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಫೋಟೋ ತೆಗೆಯುವಾಗಲೂ ಬೆಳಗಿನ ಹೊತ್ತು ಜಗುಲಿಯಲ್ಲಿ, ಪಕ್ಕದಿಂದ ಬೆಳಕು ಬೀಳುವಂತೆ ಇಟ್ಟು, ಸವೆತವೂ ಬಿರುಕಿನ ಗೆರೆಯೂ ಸ್ಪಷ್ಟವಾಗಿ ಕಾಣುವಂತೆ ತೆಗೆಯಿರಿ.

ಮಲೆನಾಡಿನಲ್ಲಿರುವ ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕಾಲ. ಕ್ಲಾಸಿಕಲ್ ಗಿಟಾರಿಗೆ ಹಿತವಾದ ಗಾಳಿಯ ತೇವಾಂಶ ಶೇಕಡಾ 45ರಿಂದ 55ರ ಆಸುಪಾಸು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಮಾತು ಹಾಗಿರಲಿ, ನಿಮ್ಮ ಊರಿನಲ್ಲಿಯೂ ಆಷಾಢ ಶ್ರಾವಣಗಳಲ್ಲಿ ಹಾಸಿಗೆ ಬಟ್ಟೆಯೇ ಒದ್ದೆಯಾದಂತೆ ತಣ್ಣಗಿರುತ್ತದೆ. ಆಗ ಮೇಲ್ಹಲಗೆ ನೀರು ಹೀರಿ ಉಬ್ಬುತ್ತದೆ, ಅದರೊಂದಿಗೆ ಬ್ರಿಡ್ಜ್ ಮೇಲೇರಿ ತಂತಿ ಎತ್ತರವಾಗುತ್ತದೆ, ದನಿ ಮಂಕಾಗುತ್ತದೆ. ಆ ತಿಂಗಳುಗಳಲ್ಲಿ ಕೊಳ್ಳುವವರಿಗೆ ತೋರಿಸಿದರೆ ನಿಮ್ಮ ಗಿಟಾರಿಗೆ ಅನ್ಯಾಯ ಮಾಡಿದಂತೆ. ದೀಪಾವಳಿ ಕಳೆದ ಮೇಲೆ, ಗಾಳಿ ಹದಕ್ಕೆ ಬಂದಾಗ ತೋರಿಸಿ. ಬೇಗ ಒಣಗಲೆಂದು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ಅಡಿಕೆಗೆ, ಸೌದೆಗೆ ಒಳ್ಳೆಯದಾದ ಆ ಬಿಸಿ ಗಿಟಾರಿನ ಅಂಟನ್ನು ಮೆತ್ತಗಾಗಿಸುತ್ತದೆ, ಹಲಗೆಯನ್ನು ಸೀಳುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ತೇವಾಂಶ ಅಳೆಯುವ ಚಿಕ್ಕ ಮಾಪಕವೊಂದನ್ನು ಇಟ್ಟುಕೊಂಡರೆ ಸಾಕು. ತೋರಿಸುವುದಕ್ಕೆ ಐದಾರು ದಿನ ಮೊದಲೇ ಹೊಸ ತಂತಿ ಹಾಕಿ. ನೈಲಾನ್ ಹಿಗ್ಗಿ ಹಿಗ್ಗಿ ಶ್ರುತಿಯಲ್ಲಿ ನಿಲ್ಲಲು ಅಷ್ಟು ದಿನ ಹಿಡಿಯುತ್ತದೆ.

ಕೊಳ್ಳುವವರನ್ನು ಹುಡುಕಬೇಕಾದದ್ದು ಕ್ಲಾಸಿಕಲ್ ಗಿಟಾರ್ ಕಲಿಸುವ ಶಿಕ್ಷಕರ ಮೂಲಕ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗಳಿಗೆ ವಿದ್ಯಾರ್ಥಿಗಳನ್ನು ತಯಾರುಮಾಡುವ ಶಿಕ್ಷಕರು ಬೆಂಗಳೂರಿನಲ್ಲಿದ್ದಾರೆ. ಮೇಲಿನ ದರ್ಜೆಗೆ ಏರಿದ ವಿದ್ಯಾರ್ಥಿಗಳಿಗೆ ಕಾರ್ಖಾನೆಯ ಗಿಟಾರು ಸಾಲದಾಗುವುದು ಆ ಶಿಕ್ಷಕರಿಗೇ ಮೊದಲು ತಿಳಿಯುತ್ತದೆ. ಬಂದವರನ್ನು ಅವಸರಪಡಿಸದೆ, ಒಂದು ಗಂಟೆಯಾದರೂ ಏಕಾಂತದಲ್ಲಿ ನುಡಿಸಲು ಬಿಡಿ. ನಿಮ್ಮ ಪತ್ರವನ್ನು ಓದಿದಾಗ, ಇದು ನುಡಿಸುವವರ ಕೈಗೇ ಹೋಗಬೇಕೆಂಬ ಆಸೆ ಅದರಲ್ಲಿ ಇದೆಯೆಂದು ನನಗನ್ನಿಸಿತು. ಹಾಗಿದ್ದರೆ ಗೋಡೆಗೆ ತೂಗುಹಾಕಲು ಕೇಳುವವರು ಐದು ಸಾವಿರ ಹೆಚ್ಚು ಕೊಟ್ಟರೂ ವಿದ್ಯಾರ್ಥಿಗೇ ಕೊಡುವುದರಲ್ಲಿ ತಪ್ಪಿಲ್ಲ. ಹಣ ನಿಮ್ಮದು, ತೀರ್ಮಾನವೂ ನಿಮ್ಮದೇ. ಈ ವಾದ್ಯ ಮೂವತ್ತು ವರ್ಷ ಮಲೆನಾಡಿನ ಗಾಳಿಗೆ ಒಗ್ಗಿದೆ, ಏಕಾಏಕಿ ಹವಾನಿಯಂತ್ರಿತ ಕೋಣೆಯಲ್ಲಿ ಇಟ್ಟರೆ ಹೊಸ ಬಿರುಕು ಬರಬಹುದು ಎಂಬುದನ್ನು ಅವರಿಗೆ ಹೇಳಿ. ಮನೆಗೆ ಒಯ್ದ ಮೇಲೆ ಒಂದು ದಿನ ಪೆಟ್ಟಿಗೆ ತೆರೆಯದೆ ಇಡಲಿ.

ಕೊನೆಯದಾಗಿ, ಹಿಂಬದಿಯ ಮರ ಯಾವುದೆಂದು ತಿಳಿದುಕೊಳ್ಳಿ. ಅದು ನಮ್ಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಬೀಟೆಯಾಗಿದ್ದರೆ, 2017ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬಂದ ನಿಯಂತ್ರಣದಿಂದ 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಬ್ರೆಜಿಲ್‌ನ ಬೀಟೆಯಾಗಿದ್ದರೆ ಕಥೆ ಬೇರೆ. 1992ರಿಂದ ಅದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಅತಿ ಕಠಿಣ ಪಟ್ಟಿಯಲ್ಲಿದೆ, ಅನುಮತಿ ಪತ್ರವಿಲ್ಲದೆ ಗಿಟಾರನ್ನು ದೇಶದಾಚೆಗೆ ಮಾರುವಂತಿಲ್ಲ. ಅಣ್ಣನವರು ಕೊಟ್ಟ ರಸೀದಿ ಉಳಿದಿದ್ದರೆ ಜೋಪಾನವಾಗಿಡಿ.

ಪ್ರಶ್ನೆ: ತೀರ್ಥಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಕೈಯಿಂದ ಮಾಡಿದ ಹಳೆಯ ನೈಲಾನ್ ತಂತಿಯ ಗಿಟಾರೊಂದಿದೆ. ದನಿ ಜೋರಾಗಲೆಂದು ಮಗಳು ಅದಕ್ಕೆ ಸ್ಟೀಲ್ ತಂತಿ ಹಾಕಿಸಿದಳು. ಈಗ ಬ್ರಿಡ್ಜ್ ಹಿಂಬದಿಯಲ್ಲಿ ಎದ್ದಂತಿದೆ. ಇದನ್ನು ಹೀಗೆಯೇ ಮಾರಬಹುದೇ?

ಉತ್ತರ: ಇದನ್ನು ಓದಿದ ಕೂಡಲೇ ಬಿರಡೆಗಳನ್ನು ತಿರುಗಿಸಿ ಆರೂ ತಂತಿಗಳನ್ನು ಪೂರ್ತಿ ಸಡಿಲಿಸಿ. ಸ್ಟೀಲ್ ತಂತಿಗಳ ಒಟ್ಟು ಎಳೆತ 70 ಕಿಲೋಗ್ರಾಂನಷ್ಟಿರುತ್ತದೆ, ನಿಮ್ಮ ಗಿಟಾರಿನ ಹಲಗೆಯನ್ನು ಅಷ್ಟಕ್ಕೆ ಕಟ್ಟಿಲ್ಲ. ಆಮೇಲೆ ಬ್ರಿಡ್ಜ್‌ನ ಹಿಂಬದಿಯ ಅಂಚಿನಲ್ಲಿ ತೆಳು ಕಾಗದವೊಂದನ್ನು ತೂರಿಸಿ ನೋಡಿ. ಅದು ಒಳಗೆ ಹೋದರೆ ಅಂಟು ಬಿಟ್ಟಿದೆ. ಮನೆಯಲ್ಲಿರುವ ಬಿಳಿ ಅಂಟನ್ನು ಅಲ್ಲಿಗೆ ಸುರಿಯಬೇಡಿ. ಮುಂದೆ ಸರಿಪಡಿಸುವವರು ಅದನ್ನು ಕೆರೆದು ತೆಗೆಯುವಾಗ ಹಲಗೆಯ ಎಳೆಗಳೇ ಕಿತ್ತು ಬರುತ್ತವೆ. ಬಲ್ಲವರು ಬ್ರಿಡ್ಜ್ ಅನ್ನು ಬಿಡಿಸಿ ಮರಳಿ ಅಂಟಿಸಿದರೆ, ಹಲಗೆ ತೀರ ಉಬ್ಬಿರದಿದ್ದಲ್ಲಿ, ವಾದ್ಯ ಮತ್ತೆ ನುಡಿಯುತ್ತದೆ. ಹೀಗೆಯೇ ಮಾರುವುದಾದರೂ ಮಾರಬಹುದು. ಸ್ಟೀಲ್ ತಂತಿ ಹಾಕಿದ್ದೆವು ಎಂಬುದನ್ನೂ ಎಷ್ಟು ತಿಂಗಳು ಹಾಗಿತ್ತು ಎಂಬುದನ್ನೂ ತಿಳಿಸಿ, ದುರಸ್ತಿಯ ಖರ್ಚನ್ನು ಕಳೆದು ಬೆಲೆ ಹೇಳಿ. ಬ್ರಿಡ್ಜ್ ಪೂರ್ತಿ ಕಿತ್ತು ಬಂದರೆ ಅದನ್ನೂ ಅದರೊಂದಿಗೆ ಎದ್ದ ಮರದ ಚೂರುಗಳನ್ನೂ ಎಸೆಯದೆ ಒಂದು ಲಕೋಟೆಯಲ್ಲಿ ಹಾಕಿ ಗಿಟಾರಿನ ಜೊತೆಗೇ ಕೊಡಿ.