ಹೊಸ ದೇಶ ಹುಡುಕುವ ಕಾಲದಲ್ಲಿ ಹಳೇ ನಕ್ಷೆ ಯಾಕೆ ಬೇಕಾಯಿತು?

ಹಡಗು ಹತ್ತಿ ಹೊಸ ದಾರಿ ಹುಡುಕುತ್ತಿದ್ದ ಯುರೋಪಿನವರು, ಟಾಲೆಮಿ ಅನ್ನೋ ಪ್ರಾಚೀನ ಗ್ರೀಕ್ ಭೂಗೋಳ ಪಂಡಿತನ 1300 ವರ್ಷ ಹಳೆಯ ನಕ್ಷೆಗಳನ್ನು, ಅದೂ ಅಷ್ಟೊಂದು ತಪ್ಪಿದ್ದವನ್ನು, ಯಾಕೆ ಅಚ್ಚು ಹಾಕಿದರು ಅಂತ ಕೇಳಿದ್ದೀರಿ. ಹಳೇ ನಕ್ಷೆ ಅಂದ್ರೆ ನನಗೆ ಪ್ರಾಣ, ಹಾಗಾಗಿ ಉತ್ತರ ಬರೆಯದೆ ಇರಲಾಗಲಿಲ್ಲ.

ಟಾಲೆಮಿ ನಮಗೆ ಉಳಿಸಿಹೋದ ಗ್ರಂಥ ಮುಖ್ಯವಾಗಿ ಒಂದು ಪಟ್ಟಿ. ಕ್ರಿ.ಶ. 150ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಕೂತು ಸುಮಾರು 8000 ಜಾಗಗಳ ಹೆಸರು ಬರೆದು, ಹೆಚ್ಚಿನವಕ್ಕೆ ಅಕ್ಷಾಂಶ, ರೇಖಾಂಶ ಕೊಟ್ಟ. ನಮ್ಮ ಬನವಾಸಿಯೂ ಅದರಲ್ಲಿದೆ! 1295ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನ ಸನ್ಯಾಸಿ ಪ್ಲಾನೂಡೆಸ್‌ಗೆ ಈ ಗ್ರಂಥ ಸಿಕ್ಕಾಗ ಅದರಲ್ಲಿ ನಕ್ಷೆಗಳೇ ಇರಲಿಲ್ಲ. ಆದರೂ ಅಂಕಿಗಳನ್ನು ಹಿಡಿದು ಮತ್ತೆ ಬರೆಯಲು ಆಯಿತು. ಬರೀ ಚಿತ್ರವಾಗಿದ್ದರೆ ನಕಲು ಮಾಡುತ್ತಾ ಮಾಡುತ್ತಾ ಕೆಟ್ಟುಹೋಗುತ್ತಿತ್ತು, ಅಲ್ವಾ?

ಮುಂದೆ ಗ್ರಂಥ ಇಟಲಿಯ ಫ್ಲಾರೆನ್ಸಿಗೆ ಬಂತು, 1410ರ ಹೊತ್ತಿಗೆ ಲ್ಯಾಟಿನ್‌ಗೆ ಅನುವಾದವಾಯಿತು, 1477ರಲ್ಲಿ ಬೊಲೋನ್ಯಾದಲ್ಲಿ ನಕ್ಷೆಗಳ ಸಮೇತ ಅಚ್ಚಾಯಿತು.

ನನಗೆ ತುಂಬಾ ಇಷ್ಟವಾದದ್ದು 1482ರಲ್ಲಿ ಜರ್ಮನಿಯ ಉಲ್ಮ್ ಊರಲ್ಲಿ ಅಚ್ಚಾದ ಜಗತ್ತಿನ ನಕ್ಷೆ. ಮರದ ಹಲಗೆಯಲ್ಲಿ ಕೊರೆದು ಅಚ್ಚು ಒತ್ತಿದ್ದು. ಸುತ್ತಲೂ ಕೆನ್ನೆ ಉಬ್ಬಿಸಿ ಊದುವ ಗಾಳಿಯ ಮುಖಗಳು. ಕೊರೆದವನು ಮೇಲ್ಗಡೆ ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ, ಆರ್ಮ್ಸ್‌ಹೈಮಿನ ಯೊಹಾನೆಸ್ ಅಂತ. ಸ್ಕ್ಯಾನ್ ದೊಡ್ಡದು ಮಾಡಿ ನೋಡಿ, ಎಷ್ಟೋ ಕಡೆ 'ಎನ್' ಅಕ್ಷರ ತಿರುಗುಮುರುಗಾಗಿದೆ. ಹಲಗೆಯಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ಕೊರೆಯಬೇಕಿತ್ತಲ್ಲ, ಅಲ್ಲೇ ಕೈ ತಪ್ಪಿದೆ. ಆ ಅಕ್ಷರ ನೋಡಿದಾಗೆಲ್ಲ ಉಳಿ ಹಿಡಿದು ಬಗ್ಗಿ ಕೂತವನು ಕಣ್ಮುಂದೆ ಬರುತ್ತಾನೆ.

ತಪ್ಪುಗಳೂ ದೊಡ್ಡವೇ. ಭಾರತದ ದಕ್ಷಿಣ ತುದಿ ಚಪ್ಪಟೆ, ಪಕ್ಕದಲ್ಲಿ ತಪ್ರೊಬಾನ ಅನ್ನೋ ಹೆಸರಲ್ಲಿ ಭಾರೀ ಗಾತ್ರದ ಶ್ರೀಲಂಕಾ. ಹಿಂದೂ ಮಹಾಸಾಗರಕ್ಕೆ ಸುತ್ತ ನೆಲದ ಗೋಡೆ, ಒಂದು ಕೆರೆಯ ಹಾಗೆ. ಆದರೆ 1488ರಲ್ಲಿ ಪೋರ್ಚುಗಲ್ಲಿನ ನಾವಿಕ ಡಿಯಾಸ್ ಆಫ್ರಿಕಾದ ತುದಿ ಸುತ್ತಿ ಬಂದ ಮೇಲೆ ಗೋಡೆ ಎಲ್ಲಿ ಒಡೀಬೇಕು ಅಂತ ಗೊತ್ತಾಯಿತು. ಅಂಕಿ ಇದ್ದಿದ್ದರಿಂದ ತಿದ್ದೋಕೂ ಜಾಗ ಸಿಕ್ಕಿತು. 1513ರ ಸ್ಟ್ರಾಸ್‌ಬರ್ಗ್ ಮುದ್ರಣದಲ್ಲಿ ಟಾಲೆಮಿಯ 27 ನಕ್ಷೆಗಳನ್ನು ಹಾಗೇ ಇಟ್ಟು, ಹೊಸದಾಗಿ 20 ನಕ್ಷೆ ಸೇರಿಸಿದರು. ಹಳೇದು, ಹೊಸದು ಒಂದೇ ರಟ್ಟಿನೊಳಗೆ.