ಎಂಆರ್‌ಐಗಾಗಿ ಸಿಟ್ರೇಟ್ ಲೇಪಿತ ಕಬ್ಬಿಣದ ನ್ಯಾನೊಕಣ ತಯಾರಿಸುತ್ತಿದ್ದೇನೆ. ಆರ್‌2, ಅಂದರೆ ಚಿತ್ರವನ್ನು ಕಪ್ಪಾಗಿಸುವ ಕಣದ ಶಕ್ತಿ, ಹೆಚ್ಚಿಸಲು ಕೋಬಾಲ್ಟ್ ಸೇರಿಸಲೇ?

ನಿಮ್ಮ ಪ್ರಶ್ನೆ ಓದುತ್ತಲೇ ಅಮೋನಿಯಾದ ಘಾಟು ಮೂಗಿಗೆ ಬಡಿದಂತಾಯಿತು. ಪಿಎಚ್‌ಡಿಯ ಎರಡನೆಯ ವರ್ಷ ನಾನೂ ಇದನ್ನೇ ಮಾಡುತ್ತಿದ್ದೆ. ಕಬ್ಬಿಣದ ಫೆರಸ್ ಲವಣ ಒಂದು ಪಾಲು, ಫೆರಿಕ್ ಲವಣ ಎರಡು ಪಾಲು ಕರಗಿಸಿ, ನೈಟ್ರೋಜನ್ ಹಾಯಿಸುತ್ತಾ ಅಮೋನಿಯಾ ಸುರಿದರೆ ದ್ರಾವಣ ಕ್ಷಣದಲ್ಲಿ ಕಪ್ಪಾಗುತ್ತಿತ್ತು. ಸುಮಾರು 10 ನ್ಯಾನೊಮೀಟರಿನ ಮ್ಯಾಗ್ನೆಟೈಟ್, ಅಂದರೆ ಕಾಂತಗುಣದ ಕಬ್ಬಿಣದ ಆಕ್ಸೈಡ್ ಕಣಗಳು. ಸಿಟ್ರೇಟ್ ಲೇಪಿಸಿ, ತೊಳೆದು, ಶುದ್ಧ ನೀರಿನಲ್ಲಿ ಹರಡಿಟ್ಟರೆ ತಿಂಗಳಾದರೂ ತಳಕ್ಕಿಳಿಯುತ್ತಿರಲಿಲ್ಲ. ಅದನ್ನು ನೋಡಿ ನಂಬಿಬಿಟ್ಟೆ. ಆ ನಂಬಿಕೆಗೆ ತೆತ್ತದ್ದು ಹದಿನಾಲ್ಕು ತಿಂಗಳು.

ತಪ್ಪು ಎಲ್ಲಿತ್ತೆಂದು ಬಿಡಿಸಿ ಹೇಳುತ್ತೇನೆ. ಗಾತ್ರ, ಮೇಲ್ಮೈ ವಿದ್ಯುದಂಶ, ಆರ್‌2 ಎಲ್ಲವನ್ನೂ ಅಯಾನುರಹಿತ ನೀರಿನಲ್ಲೇ ಅಳೆದಿದ್ದೆ. ಸಿಟ್ರೇಟ್ ಹೊದ್ದ ಕಣಗಳೆಲ್ಲ ಋಣ ವಿದ್ಯುದಂಶದವು. ಒಂದನ್ನೊಂದು ದೂರ ತಳ್ಳುತ್ತವೆ, ಆದ್ದರಿಂದ ಅಂಟಿಕೊಳ್ಳುವುದಿಲ್ಲ. ಆದರೆ ರಕ್ತದಲ್ಲಿ ಉಪ್ಪಿದೆ. 0.9 ಶೇಕಡಾ ಸಲೈನಿನಲ್ಲಿ ಸೋಡಿಯಂ ಅಯಾನುಗಳು ಕಣವನ್ನು ಮುತ್ತಿಕೊಂಡು ಅದರ ವಿದ್ಯುದಂಶವನ್ನು ಮರೆಮಾಡುತ್ತವೆ. ಒಂದು ನ್ಯಾನೊಮೀಟರ್ ದೂರ ಹೋಗುವುದರೊಳಗೆ ತಳ್ಳುವ ಬಲ ಬಹುಪಾಲು ಕುಗ್ಗಿರುತ್ತದೆ. ಸಾಲದ್ದಕ್ಕೆ ರಕ್ತದ ಕ್ಯಾಲ್ಸಿಯಂ ಸಿಟ್ರೇಟನ್ನೇ ಹಿಡಿದುಕೊಳ್ಳುತ್ತದೆ. ರಕ್ತನಿಧಿಯ ಚೀಲಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ಹಾಕುವುದು ಇದೇ ಗುಣಕ್ಕಾಗಿ. ಇದೆಲ್ಲ ಎಂ.ಎಸ್ಸಿ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದ ವಿಷಯ. ನನ್ನ ಮೇಜಿನ ಮೇಲಿನ ಸೀಸೆಗೂ ಅದು ಅನ್ವಯಿಸುತ್ತದೆಂದು ಹೊಳೆಯಲಿಲ್ಲ.

ಆಸ್ಪತ್ರೆಯೊಂದರ 1.5 ಟೆಸ್ಲಾ ಎಂಆರ್‌ಐ ಯಂತ್ರ ನಮಗೆ ಸಿಗುತ್ತಿದ್ದದ್ದು ರೋಗಿಗಳ ಸರದಿ ಮುಗಿದ ಮೇಲೆ, ರಾತ್ರಿ ಹತ್ತರ ನಂತರ. ಅಂದು ಮೊದಲ ಸಲ ಕಣಗಳನ್ನು ಸಲೈನಿನಲ್ಲಿ ಬೆರೆಸಿ ಒಯ್ದಿದ್ದೆ. ಎರಡು ಗಂಟೆ ಕಾದು ಪೆಟ್ಟಿಗೆ ತೆರೆದರೆ ಪ್ರತಿ ನಳಿಕೆಯಲ್ಲೂ ಮೇಲೆ ತಿಳಿನೀರು, ತಳದಲ್ಲಿ ಕಾಫಿ ಗಸಿಯಂಥ ಮಡ್ಡಿ. ಅಲುಗಾಡಿಸಿ ಒಳಗಿಟ್ಟೆ. ಸ್ಕ್ಯಾನ್ ಮುಗಿಯುವ ಮೊದಲೇ ಮತ್ತೆ ಇಳಿಯಿತು; ಎರಡು ಚಿತ್ರಗಳು ಒಂದರಂತೆ ಒಂದು ಬರಲಿಲ್ಲ. ಆಮೇಲೆ ಹಳೆಯ ಮಾದರಿಗಳನ್ನು ಸೆಂಟ್ರಿಫ್ಯೂಜ್ ಮಾಡಿ ಬೇರ್ಪಡಿಸಿದಾಗ ಇನ್ನೊಂದು ಸತ್ಯ ಹೊರಬಿತ್ತು: ಶುದ್ಧ ನೀರಿನಲ್ಲೂ ಸಣ್ಣ ಸಣ್ಣ ಗುಂಪುಗಳಿದ್ದವು, ನನ್ನ ದೊಡ್ಡ ಆರ್‌2 ಬಂದದ್ದು ಆ ಗುಂಪುಗಳಿಂದ. ಪ್ರಬಂಧದ ಒಂದು ಅಧ್ಯಾಯವನ್ನೇ ತೆಗೆಯಬೇಕಾಯಿತು.

ಹಾಗಾಗಿ ಆರ್‌2 ಹೆಚ್ಚಿಸುವ ಮಾತನ್ನೇ ನಾನು ಒಪ್ಪುವುದಿಲ್ಲ. ಎಂಆರ್‌ಐಗೆಂದೇ ಬಂದ ಕಬ್ಬಿಣದ ನ್ಯಾನೊಕಣ ಫೆರುಮಾಕ್ಸೈಡ್ಸ್‌ಗೆ ಆರ್‌2 ಏನು ಕಡಿಮೆಯಿತ್ತು? 1996ರಲ್ಲಿ ಅಮೆರಿಕದಲ್ಲಿ ಯಕೃತ್ತಿನ ಚಿತ್ರಣಕ್ಕೆ ಅನುಮತಿ ಸಿಕ್ಕಿತು. ಆರೋಗ್ಯವಂತ ಯಕೃತ್ತಿನ ಕುಪ್ಫರ್ ಕೋಶಗಳು ಕಣಗಳನ್ನು ನುಂಗಿ ಆ ಭಾಗ ಕಪ್ಪಾಗುತ್ತದೆ. ಅಂಥ ಕೋಶಗಳಿಲ್ಲದ ಗೆಡ್ಡೆ ಬೆಳ್ಳಗೆ ಎದ್ದು ಕಾಣುತ್ತದೆ. ಎಷ್ಟು ಸೊಗಸಾದ ಉಪಾಯ! ಆದರೂ 2008ರಲ್ಲಿ ಅದರ ತಯಾರಿಕೆ ನಿಂತಿತು. ರೇಡಿಯಾಲಜಿ ವೈದ್ಯರಿಗೆ ಬೇಕಾದದ್ದು ಗ್ಯಾಡೋಲಿನಿಯಂ ಎಂಬ ಲೋಹದ ಔಷಧ ಚಿತ್ರಕ್ಕೆ ಕೊಡುವಂಥ ಬೆಳಕು. ಕಪ್ಪು ಚುಕ್ಕೆ ಹಳೆಯ ರಕ್ತಸ್ರಾವದಿಂದಲೂ, ಗಾಳಿಯಿಂದಲೂ, ಸುಣ್ಣ ಕಟ್ಟಿದ್ದರಿಂದಲೂ ಬರುತ್ತದೆ.

ಇದೇ ಬಗೆಯ ಕಣಗಳಲ್ಲಿ ಉಳಿದುಕೊಂಡ ಫೆರುಮಾಕ್ಸಿಟಾಲ್ 2009ರಲ್ಲಿ ಅನುಮತಿ ಪಡೆದದ್ದು ಮೂತ್ರಪಿಂಡ ರೋಗಿಗಳ ರಕ್ತಹೀನತೆಯ ಔಷಧವಾಗಿ. ಮೂತ್ರಪಿಂಡ ಸೋತವರಿಗೆ ಗ್ಯಾಡೋಲಿನಿಯಂ ಅಪಾಯಕಾರಿಯಾಗಬಹುದೆಂದು 2006ರಲ್ಲಿ ತಿಳಿದ ಮೇಲೆ, ಅಂಥವರ ರಕ್ತನಾಳಗಳನ್ನು ನೋಡಲು ವೈದ್ಯರು ಇದನ್ನು ಬಳಸತೊಡಗಿದರು. ಅದರ ಲೇಪನ ಸಕ್ಕರೆಯ ಸರಪಳಿ, ಉಪ್ಪಿಗೆ ಜಗ್ಗುವುದಿಲ್ಲ. ತೀವ್ರ ಅಲರ್ಜಿಯ ಪ್ರಕರಣಗಳಿಂದಾಗಿ 2015ರಲ್ಲಿ ಅದರ ಮೇಲೂ ಕಟ್ಟೆಚ್ಚರಿಕೆ ಬಂತು. ಈಗ ನಿಧಾನವಾಗಿ ಹನಿಸಿಯೇ ಕೊಡುತ್ತಾರೆ.

ಕೋಬಾಲ್ಟ್ ಬೇಡವೇ ಬೇಡ. ಕಬ್ಬಿಣ ಕರಗಿದರೆ ದೇಹದ ಕಬ್ಬಿಣದ ದಾಸ್ತಾನಿಗೆ ಸೇರುತ್ತದೆ, ಕೋಬಾಲ್ಟ್ ಸೋರಿದರೆ ವಿಷ. ಲೇಪನಕ್ಕೆ ಡೆಕ್ಸ್‌ಟ್ರಾನ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಹಿಡಿಯಿರಿ. ಬೆಳಕು ಬೇಕಿದ್ದರೆ ಕಣವನ್ನು 3 ನ್ಯಾನೊಮೀಟರಿನ ಆಸುಪಾಸಿಗೆ ಇಳಿಸಿ. ಯಾವ ರೋಗಿಗೆ, ಯಾವ ಅಂಗಕ್ಕೆ ಎಂದು ಒಬ್ಬ ರೇಡಿಯಾಲಜಿಸ್ಟರ ಬಳಿ ಕುಳಿತು ಕೇಳದೆ ಮುಂದಿನ ರಾಸಾಯನಿಕಕ್ಕೆ ಬೇಡಿಕೆ ಸಲ್ಲಿಸಬೇಡಿ.

ಅದಕ್ಕೂ ಮೊದಲು, ನಾಳೆ ಬೆಳಿಗ್ಗೆಯೇ ನಿಮ್ಮ ಸೀಸೆಯಿಂದ ಸ್ವಲ್ಪ ತೆಗೆದು ಒಂದು ನಳಿಕೆಯಲ್ಲಿ ಸಲೈನಿಗೆ, ಇನ್ನೊಂದರಲ್ಲಿ ಸೀರಮ್‌ಗೆ ಬೆರೆಸಿ 37 ಡಿಗ್ರಿಯಲ್ಲಿ ಒಂದು ರಾತ್ರಿ ಇಡಿ. ತಳದಲ್ಲಿ ಮಡ್ಡಿ ಕಂಡರೆ ಇಲ್ಲೇ ತಿಳಿಸಿ. ನಾನು ಡೆಕ್ಸ್‌ಟ್ರಾನಿಗೆ ಬದಲಾಯಿಸಿಕೊಂಡ ವಿಧಾನವನ್ನು ಹಂತಹಂತವಾಗಿ ಬರೆದುಕೊಡುತ್ತೇನೆ.