ಕೇಳಿದ್ದಕ್ಕೆ ಹೇಳಿದ್ದು: ಹತ್ತು ತಟ್ಟೆಯ ಊಟಕ್ಕೆ ಅತ್ತೆ ಮಾವನ ಜೊತೆ

ಪ್ರಶ್ನೆ: ಮಾವನವರಿಗೆ ಅರವತ್ತು ತುಂಬಿತು ಅಂತ ಮೈದುನ ಬೆಂಗಳೂರಿನ ಹೊಸ ನಮೂನೆಯ ರೆಸ್ಟೋರೆಂಟಿನಲ್ಲಿ ಟೇಬಲ್ ಬುಕ್ ಮಾಡಿದ್ದಾನೆ. ಅಲ್ಲಿ ನಾವು ಆರಿಸೋ ಹಾಗಿಲ್ಲವಂತೆ, ಅವರು ಕೊಟ್ಟ ಹತ್ತು ಬಗೆಯನ್ನು ಒಂದೊಂದಾಗಿ ತಿನ್ನಬೇಕಂತೆ. ಮಾವನವರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಅತ್ತೆಗೆ ಶುಗರ್ ಇದೆ, ಮಗಳಿಗೆ ಏಳು ವರ್ಷ. ಹೋಗೋದಾ, ಬೇಡವಾ?
– ಓದುಗರೊಬ್ಬರು, ತುಮಕೂರು

ಉತ್ತರ: ಹೋಗಿ. ಆದರೆ ಎರಡು ಮೂರು ದಿನ ಮೊದಲೇ ಅಲ್ಲಿಗೆ ಫೋನ್ ಮಾಡಿ. ಮೈದುನನ ಕೈಲಿ ಮಾಡಿಸಬೇಡಿ, 'ಅಪ್ಪ ಅಡ್ಜಸ್ಟ್ ಮಾಡ್ಕೋತಾರೆ ಬಿಡಿ' ಅಂದುಬಿಡುತ್ತಾನೆ. ನೀವೇ ಮಾಡಿ. ಇಂಥ ಕಡೆ ನೀವು ಹೋಗಿ ಕೂತ ಮೇಲೆ ಅಡುಗೆ ಶುರುವಾಗುವುದಿಲ್ಲ. ಸಾಸು, ಮಸಾಲೆ, ತರಕಾರಿ ಬೇಯಿಸಿದ ತಿಳಿ ಎಲ್ಲ ಬೆಳಿಗ್ಗೆಯೋ ಹಿಂದಿನ ದಿನವೋ ಆಗಿರುತ್ತದೆ, ಈರುಳ್ಳಿ ಅದರಲ್ಲೇ ಬೆಂದು ಕರಗಿರುತ್ತದೆ. ಆಮೇಲೆ 'ಈರುಳ್ಳಿ ತೆಗೆದು ಕೊಡಿ' ಅಂದರೆ ಎಲ್ಲಿಂದ ತೆಗೀತಾರೆ?

ಇದನ್ನು ನಾನು ಪೆಟ್ಟು ತಿಂದೇ ಕಲಿತಿದ್ದು. ನಮ್ಮಪ್ಪನೂ ಈರುಳ್ಳಿ ತಿನ್ನುವುದಿಲ್ಲ. ಒಮ್ಮೆ ಹೇಳದೆ ಕರೆದುಕೊಂಡು ಹೋದೆ. ನಮಗೆಲ್ಲ ಒಂದಾದ ಮೇಲೆ ಒಂದು ಬಗೆ ಬರುತ್ತಿದ್ದರೆ ಅವರ ಮುಂದೆ ಮೂರು ಸಲ ಹೆಚ್ಚಿದ ಹಣ್ಣು ಬಂತು, ಒಂದು ಸಲ ಕಪ್ಪು ಕಲ್ಲಿನ ತಟ್ಟೆಯಲ್ಲಿ, ಒಂದು ಸಲ ಮಣ್ಣಿನ ಬಟ್ಟಲಲ್ಲಿ, ಇನ್ನೊಂದು ಸಲ ಮೇಲೆ ಒಂದು ಪುದೀನ ಎಲೆ ಇಟ್ಟುಕೊಂಡು. ಹಣ್ಣು ಮಾತ್ರ ಅದೇ ಪಪ್ಪಾಯ. ಆಮೇಲೆ ಎಲ್ಲರಿಗೂ ಒಂದೊಂದು ಚಮಚದಲ್ಲಿ ಗೋಲಿಯಷ್ಟು ಮಜ್ಜಿಗೆಯ ಮುತ್ತು, ಅಂದರೆ ತೆಳ್ಳನೆ ಪೊರೆಯೊಳಗೆ ತುಂಬಿದ ಮಜ್ಜಿಗೆ, ತಂದಿಟ್ಟರು. ಬಡಿಸುವ ಹುಡುಗ ಅದರ ಬಗ್ಗೆ ಮೂರು ನಿಮಿಷ ಇಂಗ್ಲಿಷಿನಲ್ಲಿ ಹೇಳಿದ. ಅಮ್ಮ ಬಾಯಿಗೆ ಹಾಕಿಕೊಂಡ ತಕ್ಷಣ ಕೈ ಅಡ್ಡ ಇಟ್ಟು 'ಅಯ್ಯೋ, ಒಡೆದೇ ಹೋಯ್ತಲ್ಲೋ' ಅಂತ ಕಣ್ಣರಳಿಸಿದರು. ಅಪ್ಪ ಖಾಲಿ ಚಮಚ ನೋಡಿ, 'ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ' ಅಂದರು. ಆ ಹುಡುಗ ಕನ್ನಡದವನೇ ಇರಬೇಕು, ತಿರುಗಿ ನಿಂತು ನಗುತ್ತಿದ್ದ.

ಫೋನಿನಲ್ಲಿ 'ವೆಜ್' ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಜೆಲ್ಲಿ, ನೊರೆ, ಮೆತ್ತನೆ ಪುಡಿಂಗ್ ಇಂಥದ್ದಕ್ಕೆ ಜೆಲಟಿನ್ ಹಾಕುವುದುಂಟು, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಇಟಲಿಯ ಅಸಲಿ ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅಗರ್ ಅಗರ್ ಆದರೆ ಚಿಂತೆಯಿಲ್ಲ, ಅದು ಕಡಲಪಾಚಿ. ನಿಮ್ಮ ಮನೆಯಲ್ಲಿ ಇದು ಮುಖ್ಯ ಅಂತಾದರೆ ಹೆಸರು ಹಿಡಿದೇ ಕೇಳಿ. ಒಳ್ಳೆ ಅಡುಗೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳಿದ್ದಕ್ಕೆ ಮುಖ ಗಂಟು ಹಾಕುವ ಜಾಗ ಆದರೆ ಆ ದುಡ್ಡಲ್ಲಿ ಮಾವನವರಿಗೆ ಒಂದು ಒಳ್ಳೆ ರೇಷ್ಮೆ ಪಂಚೆ ತನ್ನಿ.

ಅತ್ತೆಯ ವಿಷಯ ಇನ್ನೂ ಮುಖ್ಯ. ಹತ್ತು ಬಗೆ ಮುಗಿಯಲು ಎರಡೂವರೆ, ಮೂರು ಗಂಟೆ ಹಿಡಿಯುತ್ತದೆ, ಒಂದೊಂದು ಬಗೆಯೂ ಎರಡೇ ತುತ್ತು. ಊಟಕ್ಕೆ ಮುಂಚೆ ಇನ್ಸುಲಿನ್ ತಗೊಳ್ಳುವವರಾದರೆ, ಮನೆಯಲ್ಲಿ ಚುಚ್ಚಿಕೊಂಡು ಹೊರಟು, ಟ್ರಾಫಿಕ್‌ನಲ್ಲಿ ಸಿಕ್ಕಿ, ಅಲ್ಲಿ ಮೊದಲ ಅರ್ಧ ಗಂಟೆ ಬರೀ ಒಂದು ಎಲೆ ಮೇಲೆ ಒಂದು ಚುಕ್ಕೆ ಚಟ್ನಿ ತಿಂದರೆ ಶುಗರ್ ಅಪಾಯವಾಗುವಷ್ಟು ಇಳಿದುಬಿಡಬಹುದು. ಯಾವಾಗ ತಗೋಬೇಕು ಅಂತ ಅವರ ಡಾಕ್ಟರನ್ನೇ ಕೇಳಿಕೊಂಡು ಹೊರಡಿ. ಮಗಳಿಗೆ ಬೇರೆ ಏನಾದರೂ ಮಾಡಿಕೊಡುತ್ತೀರಾ ಅಂತಲೂ ಕೇಳಿ, ಎಷ್ಟೋ ಕಡೆ ಮಕ್ಕಳನ್ನು ಸೇರಿಸುವುದೇ ಇಲ್ಲ.

ಪ್ರಶ್ನೆ: ಹೊಗೆ ಬರುವ ಐಸ್‌ಕ್ರೀಂ ಮಕ್ಕಳಿಗೆ ಕೊಡಬಹುದಾ? ನಮ್ಮವನು ಮೊಬೈಲಲ್ಲಿ ನೋಡಿ ಹಟ ಹಿಡಿದಿದ್ದಾನೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೊಗೆ ಬರುತ್ತಿರುವಾಗ ಬೇಡವೇ ಬೇಡ. ಅದು ಹೊಗೆಯಲ್ಲ, ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ದ್ರವ ಸಾರಜನಕದಿಂದ (ಲಿಕ್ವಿಡ್ ನೈಟ್ರೋಜನ್) ಏಳುವ ಮಂಜು. ಅಡುಗೆಮನೆಯಲ್ಲಿ ಐಸ್‌ಕ್ರೀಂ ಹೆಪ್ಪುಗಟ್ಟಿಸಲು ಬಳಸಿ, ಅದೆಲ್ಲ ಹಾರಿಹೋದ ಮೇಲೆ ತಂದುಕೊಟ್ಟರೆ ತೊಂದರೆಯಿಲ್ಲ. ಒಂದು ಹನಿ ಉಳಿದು ಹೊಟ್ಟೆಗೆ ಹೋದರೂ ಕಷ್ಟ. ಅಲ್ಲಿ ಅದು ಆವಿಯಾಗಿ ಕೆಲವು ನೂರು ಪಟ್ಟು ಉಬ್ಬುತ್ತದೆ. ಬೆಂಗಳೂರಿನಲ್ಲಿ ಮದುವೆ ಆರತಕ್ಷತೆಯಲ್ಲಿ ಹೊಗೆ ಪಾನ್ ತಿಂದ 12 ವರ್ಷದ ಹುಡುಗಿಗೆ ಹೊಟ್ಟೆಯಲ್ಲಿ ತೂತಾಗಿ ಆಪರೇಷನ್ ಮಾಡಬೇಕಾಯಿತು. 2024ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಹೊಗೆ ಬಿಸ್ಕತ್ತಿನಂಥ ತಿಂಡಿಗೆ ಇದನ್ನು ಹಾಕಿಕೊಡುವುದನ್ನು ನಿಷೇಧಿಸಿದರು. ನಿಮ್ಮ ಹುಡುಗನಿಗೆ ಹೊಗೆ ನೋಡಿದರೆ ಸಾಕು ಅನ್ನಿಸುತ್ತದೆ, ಒಲೆ ಮೇಲಿನ ಇಡ್ಲಿ ಪಾತ್ರೆ ಮುಚ್ಚಳ ತೆಗೆದು ತೋರಿಸಿ!

ಪ್ರಶ್ನೆ: ಬಿಲ್ಲಿನಲ್ಲಿ ಶೇ 10 ಸರ್ವಿಸ್ ಚಾರ್ಜ್ ಹಾಕಿದ್ದರು. ಅತ್ತೆ ಮನೆಯವರ ಮುಂದೆ ಜಗಳ ಯಾಕೆ ಅಂತ ಕೊಟ್ಟುಬಂದೆ. ತೆಗೆಸಬಹುದಿತ್ತಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ತೆಗೆಸಬಹುದಿತ್ತು. ಜಿಎಸ್‌ಟಿ ಸರ್ಕಾರದ್ದು, ಕೊಡಲೇಬೇಕು, ಸಾಮಾನ್ಯ ರೆಸ್ಟೋರೆಂಟ್ ಆದರೆ ಶೇ 5. ಸರ್ವಿಸ್ ಚಾರ್ಜ್ ಹೋಟೆಲಿನವರೇ ಹಾಕಿಕೊಳ್ಳುವುದು. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಗಳವೇನೂ ಬೇಡ, ಕೌಂಟರಿಗೆ ಒಬ್ಬರೇ ಹೋಗಿ ಮೆಲ್ಲಗೆ 'ಇದು ತೆಗೀರಿ' ಅನ್ನಿ. ಕೇಳದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ. ಬಡಿಸಿದ ಹುಡುಗರು ಚೆನ್ನಾಗಿ ನೋಡಿಕೊಂಡಿದ್ದರೆ ಅವರ ಕೈಗೇ ಏನಾದರೂ ಕೊಡಿ.

ಪ್ರಶ್ನೆ: ಆ ಮಜ್ಜಿಗೆ ಮುತ್ತನ್ನು ಮನೆಯಲ್ಲಿ ಮಾಡೋಕಾಗುತ್ತಾ?
– ಓದುಗರೊಬ್ಬರು, ಶಿರಸಿ

ಉತ್ತರ: ಆಗುತ್ತದೆ, ಹೊಂದಿಸೋದೇ ಕಿರಿಕಿರಿ. ಸೋಡಿಯಂ ಆಲ್ಜಿನೇಟ್ ಅಂತ ಕಡಲಪಾಚಿಯಿಂದ ತೆಗೆದ ಪುಡಿ ಬೇಕು. ಅದು ಕ್ಯಾಲ್ಸಿಯಂ ತಾಗಿದ ಕಡೆ ತೆಳ್ಳಗೆ ಪೊರೆ ಕಟ್ಟುತ್ತದೆ. ಮಜ್ಜಿಗೆಯಲ್ಲಿ ಕ್ಯಾಲ್ಸಿಯಂ ಇದ್ದೇ ಇದೆಯಲ್ಲ, ಹಾಗಾಗಿ ಆಲ್ಜಿನೇಟ್ ಕದಡಿದ ನೀರಿಗೆ ಗಟ್ಟಿ ಮಜ್ಜಿಗೆಯನ್ನು ಚಮಚದಲ್ಲಿ ಬಿಡುವುದು, ಎರಡು ಮೂರು ನಿಮಿಷ ಬಿಟ್ಟು ತೆಗೆದು ತೊಳೆಯುವುದು. ಸ್ಪೇನ್‌ನ ಎಲ್ ಬುಲ್ಲಿ ಅನ್ನುವ ರೆಸ್ಟೋರೆಂಟಿನಲ್ಲಿ ಫೆರಾನ್ ಅಡ್ರಿಯಾ ಅನ್ನುವ ಅಡುಗೆಯವರು 2003ರ ಹೊತ್ತಿಗೆ ಇಂಥ ಮುತ್ತುಗಳನ್ನು ಊಟದ ಮೇಜಿಗೆ ತಂದರು, ಅಲ್ಲಿಂದ ಊರೂರಿಗೆ ಹಬ್ಬಿತು. ನಾನು ಮಾಡಿದ ಮೊದಲ ಸಲ ಮುತ್ತಿನ ಬದಲು ಬಾಲ ಇರುವ ಗೊದಮೊಟ್ಟೆ ಬಂತು. ಒಗ್ಗರಣೆ ಕೊಟ್ಟು ತಿಂದೆವು.

ಪ್ರಶ್ನೆ: ಅಂಥ ಕಡೆ ಕೈಯಲ್ಲಿ ತಿಂದರೆ ನಗುತ್ತಾರಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಇಲ್ಲ ಕಣ್ರೀ. ಒಂದೆರಡು ಬಗೆಯನ್ನು ಅವರೇ 'ಕೈಯಲ್ಲೇ ತಗೊಳ್ಳಿ' ಅನ್ನುತ್ತಾರೆ, ಒರೆಸಿಕೊಳ್ಳಲು ಸುತ್ತಿದ ಬಿಸಿ ಟವೆಲ್ ತಂದಿಡುತ್ತಾರೆ. ನಮ್ಮಪ್ಪ ಅದರಲ್ಲಿ ಕೈ, ಮುಖ, ಕತ್ತು ಎಲ್ಲ ಒರೆಸಿಕೊಂಡು, ಮಡಿಸಿ ವಾಪಸ್ ಕೊಟ್ಟು, ಇದೊಂದು ಚೆನ್ನಾಗಿತ್ತು ಅಂದರು.